ಇಳಿಜಾರಿನ ಲೆಕ್ಕ

ಗಾಲ್ಫ್ ಆಟಕ್ಕೂ ನನಗೂ ಇರುವ ನಂಟು ಮದುವೆಯಿಂದ ಬಂದದ್ದು. ನನ್ನ ಹೆಂಡತಿಯ ಹಿರಿಯಣ್ಣ, ಎಂದರೆ ನಮ್ಮ ಭಾವ, ಇಂಜಿನಿಯರ್ ಕೆಲಸದಿಂದ ನಿವೃತ್ತರಾದ ಮೇಲೆ ಹಿಡಿದ ಹುಚ್ಚು ಅದು. ಕೆಲವರು ನಿವೃತ್ತಿಯಾದ ಮೇಲೆ ಭಗವದ್ಗೀತೆ ಹಿಡಿಯುತ್ತಾರೆ. ಕೆಲವರು ಮಣ್ಣಿನ ಕುಂಡಗಳನ್ನು ತಂದು ಗುಲಾಬಿ ಹಾಕುತ್ತಾರೆ. ನಮ್ಮ ಭಾವ ಒಂದು ಚೀಲದ ತುಂಬ ಕೋಲುಗಳನ್ನು ತಂದರು. ಎಣಿಸಿದೆ, 14 ಇದ್ದುವು. "ಹದಿನೈದನೆಯದನ್ನು ಇಟ್ಟುಕೊಳ್ಳುವುದಕ್ಕೆ ಆಟದ ನಿಯಮ ಬಿಡುವುದಿಲ್ಲ ಮೇಷ್ಟ್ರೇ" ಎಂದು ಅವರು ನಿಟ್ಟುಸಿರು ಬಿಟ್ಟರು. ಒಳಗಿನಿಂದ ನಮ್ಮ ಅತ್ತಿಗೆ, "ಆ ನಿಯಮ ಮಾಡಿದವರು ಯಾರೋ ಪುಣ್ಯಾತ್ಮರು" ಎಂದರು.

ನನ್ನ ಪಾಲಿಗೆ ಗಾಲ್ಫ್ ಎಂಬುದು ಬೇಲಿಯ ಆಚೆಗಿನ ವಸ್ತುವಾಗಿತ್ತು. ಎಂ.ಎ. ಓದುತ್ತಿದ್ದ ಕಾಲದಲ್ಲಿ ಹೈಗ್ರೌಂಡ್ಸ್ ಕಡೆ ಬಸ್ಸಿನಲ್ಲಿ ಹೋಗುವಾಗಲೆಲ್ಲ ಬೆಂಗಳೂರು ಗಾಲ್ಫ್ ಕ್ಲಬ್ಬಿನ ಹಸುರು ಕಣ್ಣಿಗೆ ಬೀಳುತ್ತಿತ್ತು. ಅದು 1876ರಷ್ಟು ಹಳೆಯದೆಂದು ಕೇಳಿದಾಗ, ಆಡುವವರ ಮೇಲಲ್ಲದಿದ್ದರೂ ಹುಲ್ಲಿನ ಮೇಲೆ ಸ್ವಲ್ಪ ಗೌರವ ಹುಟ್ಟಿತು. ಇಷ್ಟು ನೆಲ, ಇಷ್ಟು ನೀರು, ಇಷ್ಟು ಬಿಡುವು ಉಳ್ಳವರ ಆಟದಲ್ಲಿ ಹಳಗನ್ನಡದ ಮೇಷ್ಟರಿಗೆ ಕಲಿಯುವಂಥದೇನಿದ್ದೀತು ಎಂಬುದು ನನ್ನ ಗಟ್ಟಿಯಾದ ಅಭಿಪ್ರಾಯವಾಗಿತ್ತು. ಗಟ್ಟಿಯಾದ ಅಭಿಪ್ರಾಯಗಳು ನನಗೆ ಬಹಳ ಇದ್ದುವು. ಅವುಗಳಲ್ಲಿ ಒಂದು ಒಡೆದ ಕಥೆ ಇದು.

ಒಂದು ಭಾನುವಾರ ಭಾವ ನನ್ನನ್ನು ಊರ ಹೊರಗಿನ ಒಂದು ಮೈದಾನಕ್ಕೆ ಎಳೆದುಕೊಂಡು ಹೋದರು. ವೈದ್ಯರು ನನಗೆ ನಡೆಯಲು ಹೇಳಿದ್ದರು. ಭಾವನಿಗೆ ತಮ್ಮ ಹೊಡೆತಗಳನ್ನು ನೋಡುವವನೊಬ್ಬ ಬೇಕಾಗಿತ್ತು. ಹೀಗೆ ಇಬ್ಬರ ಅಗತ್ಯವೂ ಕೂಡಿ ಬಂತು. ಆರಂಭದ ಜಾಗದಲ್ಲಿ ಅವರು ನನ್ನ ಕೈಗೆ ಒಂದು ರಟ್ಟಿನ ಚೀಟಿ ಕೊಟ್ಟರು. 18 ಕುಳಿಗಳ ದೂರ, ಪ್ರತಿ ಕುಳಿಗೆ ಇಷ್ಟು ಹೊಡೆತ ಎಂಬ ಲೆಕ್ಕ, ಕೆಳಗೆ ಎರಡು ಅಂಕಿ: ಒಂದು ಕೋರ್ಸ್ ರೇಟಿಂಗ್, ಇನ್ನೊಂದು ಸ್ಲೋಪ್ ರೇಟಿಂಗ್. ಸ್ಲೋಪ್ ಎಂದರೆ ಇಳಿಜಾರಲ್ಲವೇ? ನಾನು ಸುತ್ತ ನೋಡಿದೆ. ನೆಲ ರಾಗಿಯ ಕಣದ ಹಾಗೆ ಮಟ್ಟಸವಾಗಿತ್ತು.

"ಇಳಿಜಾರು ಎಲ್ಲಿದೆ ಭಾವ?" ಎಂದೆ.

ಭಾವ ನಕ್ಕರು. ಜೊತೆಗೆ ಚೀಲ ಹೊತ್ತಿದ್ದ ಕ್ಯಾಡಿಯೂ ನಕ್ಕ. ಕ್ಯಾಡಿ ನಕ್ಕದ್ದು ನನಗೆ ಹೆಚ್ಚು ನಾಟಿತು. ನೆಲದ ಇಳಿಜಾರಲ್ಲವಂತೆ ಅದು. ಲೆಕ್ಕದ ಹಾಳೆಯಲ್ಲಿ ಎಳೆದ ಗೆರೆಯ ಇಳಿಜಾರು.

ಭಾವ ಹೇಳಿದ್ದನ್ನೂ, ಆಮೇಲೆ ಅವರ ಪುಸ್ತಕಗಳನ್ನು ತಂದು ನಾನು ಓದಿಕೊಂಡದ್ದನ್ನೂ ಸೇರಿಸಿ ಹೇಳುತ್ತೇನೆ. ಬೇಸರವಾದರೆ ಓದುಗರು ಒಂದೆರಡು ಪ್ಯಾರಾ ಹಾರಿ ಮುಂದೆ ಹೋಗಬಹುದು. ನನ್ನ ವಿದ್ಯಾರ್ಥಿಗಳು ಅದನ್ನೇ ಮಾಡುತ್ತಾರೆ.

ಒಂದು ಮೈದಾನ ಎಷ್ಟು ಕಷ್ಟ ಎಂದು ಅಳೆಯುವವರು ಇಬ್ಬರು ಆಟಗಾರರನ್ನು ಮನಸ್ಸಿನಲ್ಲಿ ಇಟ್ಟುಕೊಂಡು ಹೋಗುತ್ತಾರೆ. ಒಬ್ಬ ನುರಿತವನು. ಅವನಿಗೆ ಸ್ಕ್ರಾಚ್ ಆಟಗಾರ ಎಂದು ಹೆಸರು. ಅವನ ಮೊದಲ ಹೊಡೆತ 250 ಗಜ ಹೋಗುತ್ತದೆ. ಇನ್ನೊಬ್ಬ ಸಾಧಾರಣದವನು, ಬೋಗಿ ಆಟಗಾರ. ಅವನ ಹೊಡೆತ 200 ಗಜ. ಗಂಡಸರ ಲೆಕ್ಕ ಇದು. ಹೆಂಗಸರಿಗೆ 210 ಮತ್ತು 150. ಅಳೆಯುವ ತಂಡದವರು ಈ ಇಬ್ಬರ ಚೆಂಡೂ ಬೀಳುವ ಜಾಗಗಳಲ್ಲಿ ನಿಂತು ನೋಡುತ್ತಾರೆ. ನೆಲ ಏರೋ ತಗ್ಗೋ, ದಾರಿ ಎಷ್ಟು ಅಗಲ, ಮರಗಳು ಎಷ್ಟು ಒತ್ತು, ಮರಳಗುಂಡಿ ಎಲ್ಲಿ, ನೀರು ಎಲ್ಲಿ, ಗುರಿಯ ಹಸುರು ಎಷ್ಟು ದೊಡ್ಡದು, ಚೆಂಡು ಅದರ ಮೇಲೆ ಎಷ್ಟು ಜಾರುತ್ತದೆ ಎಂದು ಒಂದೊಂದಕ್ಕೂ 0ಯಿಂದ 10ರವರೆಗೆ ಅಂಕ ಹಾಕುತ್ತಾರೆ. ಗಾಳಿಯನ್ನು ಗಣಿಸುತ್ತಾರೆ. ಸಮುದ್ರಮಟ್ಟದಿಂದ 2,000 ಅಡಿಗೆ ಮೇಲಿದ್ದರೆ ಅದನ್ನೂ ಗಣಿಸುತ್ತಾರೆ. ನಮ್ಮ ಬೆಂಗಳೂರು ಸುಮಾರು 3,000 ಅಡಿ ಎತ್ತರದಲ್ಲಿದೆಯಲ್ಲ, ಇಲ್ಲಿಯ ಗಾಳಿ ತೆಳು, ಚೆಂಡು ಸ್ವಲ್ಪ ಮುಂದಕ್ಕೇ ಹೋಗಿ ಬೀಳುತ್ತದೆ. ತಮ್ಮ ಹೊಡೆತಗಳು ಇಲ್ಲಿ ದೂರ ಹೋಗುವುದು ತೋಳಿನ ಬಲದಿಂದ ಎಂದು ಭಾವ ಅದುವರೆಗೆ ನಂಬಿದ್ದರಂತೆ.

ಹೀಗೆ ಅಳೆಯುವ ಹತ್ತು ಅಂಶಗಳಲ್ಲಿ ಕೊನೆಯದು ಮನಸ್ಸಿನ ಅಳುಕು. ಅದನ್ನು ಹೇಗೆ ಅಳೆಯುತ್ತಾರೆ ಎಂದು ನಾನು ಕುತೂಹಲದಿಂದ ನೋಡಿದೆ. ಬೇರೆಯಾಗಿ ಅಳೆಯುವುದೇ ಇಲ್ಲ. ಮಿಕ್ಕ ಒಂಬತ್ತು ತೊಂದರೆಗಳ ಅಂಕಗಳಿಂದ ಅದನ್ನು ಲೆಕ್ಕ ಹಾಕಿ ತೆಗೆಯುತ್ತಾರೆ. ಕಷ್ಟಗಳು ಒಂದರ ಮೇಲೊಂದು ಕೂಡಿದರೆ ಭಯ ತಾನಾಗಿಯೇ ಹುಟ್ಟುತ್ತದೆ ಎಂದು ಒಪ್ಪಿಕೊಂಡ ಶಾಸ್ತ್ರ ಅದು.

ಇನ್ನು ಸ್ಲೋಪ್. ನುರಿತವನಿಗೆ ಆ ಮೈದಾನದಲ್ಲಿ ಎಷ್ಟು ಹೊಡೆತ ಬೇಕೆಂಬುದೇ ಕೋರ್ಸ್ ರೇಟಿಂಗ್. ಅದು 72 ಎನ್ನೋಣ. ಸಾಧಾರಣದವನಿಗೆ ಎಷ್ಟು ಬೇಕು ಎಂಬುದು ಇನ್ನೊಂದು ಅಂಕಿ. ಒಂದು ಮೈದಾನದಲ್ಲಿ ಅದು 90 ಇರಬಹುದು, ಇನ್ನೊಂದರಲ್ಲಿ 96. ನುರಿತವನಿಗೆ ಎರಡೂ ಒಂದೇ, ಎರಡರಲ್ಲೂ 72. ಅವನನ್ನು ಕೇಳಿದರೆ "ಎರಡೂ ಸಮ" ಎನ್ನುತ್ತಾನೆ, ಸುಳ್ಳೂ ಅಲ್ಲ. ಆದರೆ ಸಾಧಾರಣದವನಿಗೆ ನಡುವೆ ಆರು ಹೊಡೆತಗಳ ಅಂತರ. ಇಬ್ಬರ ಅಂಕಿಗಳ ವ್ಯತ್ಯಾಸವನ್ನು ಗಂಡಸರಿಗಾದರೆ 5.381ರಿಂದ ಗುಣಿಸಿದರೆ ಸ್ಲೋಪ್ ಸಿಗುತ್ತದೆ. ಮೊದಲನೆಯ ಮೈದಾನಕ್ಕೆ 97, ಎರಡನೆಯದಕ್ಕೆ 129. ಕಡಿಮೆ ಎಂದರೆ 55, ಹೆಚ್ಚೆಂದರೆ 155, ನಡುಮಟ್ಟ 113. ಹ್ಯಾಂಡಿಕ್ಯಾಪ್ 20 ಇರುವ ಮನುಷ್ಯ ಮೊದಲನೆಯ ಮೈದಾನಕ್ಕೆ ಹೋದರೆ ಅವನಿಗೆ 17 ಹೊಡೆತಗಳ ರಿಯಾಯಿತಿ. ಎರಡನೆಯದಕ್ಕೆ ಹೋದರೆ 23. ಅಮೆರಿಕದ ನೌಕಾಪಡೆಯ ಅಧಿಕಾರಿಯಾಗಿದ್ದ ಡೀನ್ ಕನೂತ್ ಎಂಬಾತ 1970ರ ದಶಕದಲ್ಲಿ ಈ ಯೋಚನೆಯನ್ನು ಬೆಳೆಸಿದ. 1982ರಲ್ಲಿ ಕೊಲರಾಡೊ ರಾಜ್ಯದಲ್ಲಿ ಪ್ರಯೋಗ ನಡೆಯಿತು. 2020ರಲ್ಲಿ ಬಂದ ಜಾಗತಿಕ ಹ್ಯಾಂಡಿಕ್ಯಾಪ್ ಪದ್ಧತಿಗೂ ಇದೇ ಆಧಾರ.

"ಅಂದರೆ ಮೇಷ್ಟ್ರೇ," ಎಂದರು ಭಾವ, ಟೋಪಿ ಸರಿಮಾಡಿಕೊಳ್ಳುತ್ತ, "ಜಾಣನಿಗೆ ಎಷ್ಟು ಕಷ್ಟ ಅನ್ನುವುದು ಒಂದು ಅಂಕಿ. ನನ್ನಂಥವನಿಗೆ ಎಷ್ಟು ಕಷ್ಟ ಅನ್ನುವುದು ಬೇರೆ ಅಂಕಿ. ಒಂದರಿಂದ ಇನ್ನೊಂದನ್ನು ಊಹಿಸುವುದಕ್ಕೆ ಆಗುವುದಿಲ್ಲ."

ಅವರು ಇದನ್ನು ಹಾಸ್ಯದ ದನಿಯಲ್ಲೇ ಹೇಳಿದರು. ನನಗೆ ಮಾತ್ರ ಮುಂದಿನ ಎರಡು ಕುಳಿಗಳವರೆಗೆ ಬಾಯಿ ಬರಲಿಲ್ಲ.

ಕೆಲವು ವರ್ಷಗಳ ಹಿಂದೆ ಒಂದು ವಿಶ್ವವಿದ್ಯಾಲಯದ ಬಿ.ಎ. ಪರೀಕ್ಷೆಗೆ ಹಳಗನ್ನಡದ ಪ್ರಶ್ನೆಪತ್ರಿಕೆಯನ್ನು ನಾನು ತೆಗೆದಿದ್ದೆ. 80 ಅಂಕಗಳ ಪತ್ರಿಕೆ. ಅಂಥ ಕೆಲಸ ಗುಟ್ಟಿನದು; ಮನೆಯವರಿಗೂ ಹೇಳುವಂತಿಲ್ಲ. ಎರಡು ರಾತ್ರಿ ಕುಳಿತು ಬರೆದೆ. ನನಗೆ ಅದರಲ್ಲಿ ಒಂದು ಬಗೆಯ ಸಂತೋಷವೂ ಇತ್ತು. ಹಳಗನ್ನಡ ಇತ್ತೀಚೆಗೆ ಬಹಳ ಸುಲಭವಾಗಿಬಿಟ್ಟಿದೆ, ಗೈಡು ಓದಿ ಪಾಸಾಗುತ್ತಾರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯಗಳಲ್ಲಿ ಮತ್ತೊಂದು. ಆದ್ದರಿಂದ ಮೊದಲನೆಯ ಪ್ರಶ್ನೆಯನ್ನೇ ಕಡ್ಡಾಯ ಮಾಡಿದೆ: ಪಠ್ಯದಲ್ಲಿಲ್ಲದ ಒಂದು ಕಂದಪದ್ಯ, ಅದಕ್ಕೆ ಪ್ರಸ್ತಾರ, ಅನ್ವಯ, ಭಾವಾರ್ಥ. ಪಠ್ಯಕ್ರಮದಲ್ಲಿ ಇದಕ್ಕೆ ಅವಕಾಶ ಇತ್ತು. ನಾನು ಕಟ್ಟಳೆ ಮೀರಲಿಲ್ಲ. ಕಟ್ಟಳೆ ಮೀರದೆ ಎಷ್ಟು ಕೆಟ್ಟ ಕೆಲಸ ಮಾಡಬಹುದೆಂಬುದು ಆಗ ನನಗೆ ತಿಳಿದಿರಲಿಲ್ಲ.

ಫಲಿತಾಂಶ ಬಂದಾಗ ನಮ್ಮ ಕಾಲೇಜಿನ 31 ಮಂದಿಯಲ್ಲಿ 17 ಮಂದಿ ಆ ಪತ್ರಿಕೆಯಲ್ಲಿ ಉಳಿದಿದ್ದರು. ಅಧ್ಯಾಪಕರ ಕೊಠಡಿಯಲ್ಲಿ ಮಾತು ಎದ್ದಿತು. ನಾನು ಏನೂ ಅರಿಯದವನಂತೆ ಕುಳಿತು, "ಒಬ್ಬ ಹುಡುಗ 71 ತೆಗೆದಿದ್ದಾನಲ್ಲ, ಪತ್ರಿಕೆ ಸರಿಯಾಗಿಯೇ ಇದೆ" ಎಂದೆ. ಆ 71 ನನ್ನ ಗುರಾಣಿಯಾಗಿತ್ತು. ಜಾಣನಿಗೆ ಸಾಧ್ಯವಾಯಿತಲ್ಲ! ನನ್ನ ಅಳತೆಯಲ್ಲಿ ಇದ್ದದ್ದು ಅದೊಂದೇ ಅಂಕಿ.

ಮರುದಿನ ಒಬ್ಬ ಹುಡುಗಿ ಬಂದಳು. ಎರಡು ಬಸ್ಸು ಬದಲಾಯಿಸಿ ಹಳ್ಳಿಯಿಂದ ಬರುತ್ತಿದ್ದವಳು. ಎರಡನೆಯ ಬೆಂಚಿನಲ್ಲಿ ಕುಳಿತು ನಾನು ಹೇಳಿದ್ದನ್ನೆಲ್ಲ ದುಂಡಗಿನ ಅಕ್ಷರದಲ್ಲಿ ಬರೆದುಕೊಳ್ಳುತ್ತಿದ್ದಳು. ಒಂದು ದಿನವೂ ತರಗತಿ ತಪ್ಪಿಸಿದವಳಲ್ಲ. ಒಂದು ಪ್ರಶ್ನೆಗೂ ಚುರುಕಾಗಿ ಉತ್ತರ ಹೇಳಿದವಳೂ ಅಲ್ಲ. ತೇರ್ಗಡೆಗೆ 28 ಬೇಕು. ಅವಳಿಗೆ 22 ಬಂದಿತ್ತು.

"ಮೊದಲನೇ ಪ್ರಶ್ನೇಲೇ ಒಂದು ಗಂಟೆ ಹೋಯ್ತು ಸಾರ್" ಎಂದಳು. "ಆಮೇಲೆ ಗೊತ್ತಿದ್ದದ್ದೂ ಬರಲಿಲ್ಲ."

"ಧೈರ್ಯವಾಗಿರಮ್ಮ, ಮುಂದಿನ ಸಲ ಕಟ್ಟು" ಎಂದೆ.

ಅವಳು ಸ್ವಲ್ಪ ಹೊತ್ತು ನಿಂತಿದ್ದು, "ಪೇಪರ್ ತೆಗೆದವರು ಯಾರೋ ಸಾರ್, ಅವರಿಗೆ ನಮ್ಮಂಥೋರು ಗೊತ್ತಿಲ್ಲ ಅಂತ ಕಾಣುತ್ತೆ" ಎಂದು ಹೇಳಿ ಹೋದಳು. ಅದರಲ್ಲಿ ಸಿಟ್ಟಿರಲಿಲ್ಲ. ಯಾರೋ ದೂರದ ಊರಿನವರ ವಿಷಯ ಆಡಿದಂತಿತ್ತು. ನಾನು ಅವಳ ಎದುರಿಗೇ ಕುಳಿತಿದ್ದೆ.

ಮುಂದಿನ ಸಲ ಅವಳು ಪರೀಕ್ಷೆ ಕಟ್ಟಲಿಲ್ಲ. ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳೆಂದು ಅವಳ ಗೆಳತಿ ಹೇಳಿದಳು. ಮನೆಯಲ್ಲಿ ಬೇರೆ ಕಾರಣಗಳೂ ಇದ್ದಿರಬಹುದು. ಹಾಗೆಂದುಕೊಂಡು ನಾನು ಕೆಲವು ವರ್ಷ ನೆಮ್ಮದಿಯಾಗಿ ನಿದ್ದೆ ಮಾಡಿದ್ದೆ.

ಆ ಭಾನುವಾರ ಹುಲ್ಲಿನ ಮೇಲೆ ನಡೆಯುತ್ತ ಒಂದು ಮರಳಗುಂಡಿಯನ್ನು ಕಂಡೆ. ಸರಿಯಾಗಿ 200 ಗಜದ ಹತ್ತಿರ, ದಾರಿಗೆ ಅಡ್ಡಲಾಗಿ ತೋಡಿದ್ದಾರೆ. ನಮ್ಮ ಜೊತೆ ಆಡುತ್ತಿದ್ದ ಒಬ್ಬ ತರುಣನ ಚೆಂಡು ಅದರ ಮೇಲೆ ಹಾರಿ ಹೋಯಿತು. ಅವನು ಗುಂಡಿಯತ್ತ ನೋಡಲೂ ಇಲ್ಲ. ಭಾವನ ಚೆಂಡು ನೇರವಾಗಿ ಹೋಗಿ ಅದರೊಳಗೆ ಬಿತ್ತು. ಒಳ್ಳೆಯ ಹೊಡೆತ, ಅವರ ಶಕ್ತಿಗೆ ತಕ್ಕ ಅತ್ಯುತ್ತಮ ಹೊಡೆತ. ಆ ಗುಂಡಿ ಯಾರಿಗಾಗಿ ಇದೆ? ಬಲವಾದವನಿಗೆ ಅದು ಇಲ್ಲವೇ ಇಲ್ಲ. ದುರ್ಬಲನನ್ನು ಮಾತ್ರ ಕಾಯುತ್ತ ಕುಳಿತಿದೆ. ನನ್ನ ಕಡ್ಡಾಯದ ಮೊದಲ ಪ್ರಶ್ನೆ ನನ್ನ ಕಣ್ಣಿಗೆ ಮರಳಿನ ರೂಪದಲ್ಲಿ ಕಂಡಿತು.

ಹಾಗಾದರೆ ಗುಂಡಿಗಳನ್ನೆಲ್ಲ ಮುಚ್ಚಿಬಿಡಬೇಕೆ? ಪುಸ್ತಕಗಳನ್ನು ತಂದು ಓದಿದ್ದು ಈ ಪ್ರಶ್ನೆಗಾಗಿಯೇ. ನೋಡಿದರೆ ಇದರ ಮೇಲೆ ಆ ಜನ ನೂರು ವರ್ಷದಿಂದ ಜಗಳವಾಡುತ್ತಿದ್ದಾರೆ. ಅಮೆರಿಕದ ಪಿಟ್ಸ್‌ಬರ್ಗಿನ ಬಳಿ 1903ರಲ್ಲಿ ಹೆನ್ರಿ ಫೌನ್ಸ್ ಎಂಬ ಉಕ್ಕಿನ ಉದ್ಯಮಿ ಓಕ್‌ಮಾಂಟ್ ಎಂಬ ಮೈದಾನವನ್ನು ಕಟ್ಟಿಸಿದ. ತಪ್ಪಿದವನಿಗೆ ಶಿಕ್ಷೆ ಆಗಲೇಬೇಕು, ಕೆಟ್ಟ ಹೊಡೆತದ ನಷ್ಟ ಮತ್ತೆ ತುಂಬಬಾರದು ಎಂಬುದು ಆ ಮನೆತನದ ಮತ. ಅಲ್ಲಿಯ ಹಸುರಿನ ನುಣುಪು ಎಷ್ಟೆಂದರೆ, 1935ರಲ್ಲಿ ಅಲ್ಲಿ ನಡೆದ ಪಂದ್ಯವನ್ನು ನೋಡಿದ ಎಡ್ವರ್ಡ್ ಸ್ಟಿಂಪ್ಸನ್ ಎಂಬಾತ ಹಸುರಿನ ಜಾರುವಿಕೆಯನ್ನು ಅಳೆಯಲು ಒಂದು ಕೋಲನ್ನೇ ಮಾಡಿದ. ಅವನ ಹೆಸರಿನ ಆ ಸಾಧನ ಇಂದಿಗೂ ಬಳಕೆಯಲ್ಲಿದೆ.

ಇದಕ್ಕೆ ಎದುರಾದ ಮತದ ಆಚಾರ್ಯನೊಬ್ಬ ಅಲಿಸ್ಟರ್ ಮೆಕೆಂಜಿ. ಓದಿದ್ದು ವೈದ್ಯ, ಕಟ್ಟಿದ್ದು ಮೈದಾನಗಳು. ಮೈದಾನ ಇರುವುದು ಬಹಳ ಜನಕ್ಕೆ ಬಹಳ ಸುಖ ಕೊಡುವುದಕ್ಕೆ ಎಂಬುದು ಅವನ ನಿಲುವು. 1920ರ ಅವನ ಪುಸ್ತಕದಲ್ಲಿ ಇದರ ಸೂತ್ರಗಳಿವೆ. ಗುಂಡಿ ಇರಲಿ, ಆದರೆ ಅದನ್ನು ಬಳಸಿ ಹೋಗುವ ದಾರಿಯೂ ಇರಲಿ. ಧೈರ್ಯವಿದ್ದವನು ಅಪಾಯದ ಪಕ್ಕಕ್ಕೆ ಹೊಡೆದು ಒಂದು ಹೊಡೆತ ಉಳಿಸಿಕೊಳ್ಳಲಿ. ಅಂಜುವವನು ಸುತ್ತಿ ಹೋಗಿ ಒಂದು ಹೊಡೆತ ತೆತ್ತು ಕುಳಿ ಸೇರಲಿ. ಎಂದರೆ, ಕಷ್ಟವನ್ನು ಆರಿಸಿಕೊಳ್ಳುವ ಹಕ್ಕು ಆಡುವವನದು.

ಈ ಪಾಠವನ್ನು ಅವನು ಕಲಿತದ್ದು ಬಹುಮಟ್ಟಿಗೆ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್ ಊರಿನ ಹಳೆಯ ಮೈದಾನದಿಂದ. ಅದನ್ನು ಒಬ್ಬ ಶಿಲ್ಪಿ ಯೋಜಿಸಿ ಕಟ್ಟಿದ್ದಲ್ಲ. ಕಡಲ ಗಾಳಿ, ಕುರಿ, ಮೊಲ, ಆಮೇಲೆ ಮನುಷ್ಯರು ಸೇರಿ ಆದದ್ದು. ಮೊದಲು 22 ಕುಳಿಗಳ ಸುತ್ತು ಇತ್ತು. 1764ರಲ್ಲಿ ಅದನ್ನು 18ಕ್ಕೆ ಇಳಿಸಿದರು. ಇವತ್ತಿಗೂ ಏಳು ಹಸುರುಗಳಲ್ಲಿ ಎರಡೆರಡು ಕುಳಿ. ಆ ಜೋಡಿಗಳ ಸಂಖ್ಯೆ ಕೂಡಿದರೆ ಪ್ರತಿಯೊಂದಕ್ಕೂ 18 ಬರುತ್ತದೆ. ಮರಳಗುಂಡಿಗಳು ನೂರಕ್ಕೂ ಮೀರಿ ಇವೆ, ಒಂದಕ್ಕೆ ನರಕ ಎಂದೇ ಹೆಸರು. ಆದರೂ ದಾರಿ ಅಗಲ. ಸಾಮಾನ್ಯವಾಗಿ ಭಾನುವಾರ ಆಟವಿಲ್ಲ. ಊರಿನವರು ಮಕ್ಕಳು ನಾಯಿಗಳೊಂದಿಗೆ ಅದರ ಮೇಲೆ ತಿರುಗಾಡುತ್ತಾರೆ. ಬೇಲಿಯಾಚೆ ನಿಂತು ನೋಡಿದ್ದ ನನಗೆ ಇದು ಬಹಳ ಹಿಡಿಸಿತು.

ಬಾಬಿ ಜೋನ್ಸ್ ಎಂಬ ಅಮೆರಿಕದ ಹುಡುಗ 19ನೆಯ ವಯಸ್ಸಿನಲ್ಲಿ, 1921ರಲ್ಲಿ, ಅಲ್ಲಿಗೆ ಬಂದ. ಆ ವೇಳೆಗೇ ಹೆಸರುವಾಸಿ. ಹನ್ನೊಂದನೆಯ ಕುಳಿಯ ಮರಳಗುಂಡಿಯಲ್ಲಿ ಸಿಕ್ಕಿಕೊಂಡು, ಸಿಟ್ಟಿನಿಂದ ಪಂದ್ಯವನ್ನೇ ಬಿಟ್ಟುಕೊಟ್ಟ. ಮೈದಾನ ಅವನನ್ನು ಹೊರಗೆ ಹಾಕಲಿಲ್ಲ. ಅವನು ಮತ್ತೆ ಬಂದ. 1927ರಲ್ಲಿ ಅಲ್ಲಿಯೇ ಓಪನ್ ಗೆದ್ದ, 1930ರಲ್ಲಿ ಅಮೆಚೂರ್ ಗೆದ್ದ. ಮೆಕೆಂಜಿಯ ಜೊತೆ ಸೇರಿ ತಾನೇ ಅಗಸ್ಟಾದ ಮೈದಾನವನ್ನು ಕಟ್ಟಿದಾಗ ಸೇಂಟ್ ಆಂಡ್ರೂಸಿನ ಅಗಲವನ್ನು ಅಲ್ಲಿಗೆ ಒಯ್ದ. 1958ರಲ್ಲಿ, ಕಾಲು ಸ್ವಾಧೀನ ತಪ್ಪಿದ್ದ ಕಾಲದಲ್ಲಿ, ಆ ಊರು ಅವನನ್ನು ಕರೆಸಿ ತನ್ನ ಗೌರವ ನಾಗರಿಕನನ್ನಾಗಿ ಮಾಡಿತು. ಜಾಣ ಹುಡುಗ ಬಿಟ್ಟು ಹೋದರೆ ಮತ್ತೆ ಬರುತ್ತಾನೆ. ಅವನಿಗೆ ಮರಳಿ ಬರುವ ಹಡಗಿನ ಖರ್ಚಿರುತ್ತದೆ. ಎರಡು ಬಸ್ಸು ಬದಲಾಯಿಸುವವರು ಹೋದರೆ ಹೋದ ಹಾಗೆಯೇ.

ಓದುತ್ತ ಓದುತ್ತ ನನಗೆ ನಮ್ಮ ಕುಮಾರವ್ಯಾಸ ನೆನಪಾದ. ಅವನ ಭಾರತವನ್ನು ಹಳ್ಳಿಯ ಜಗಲಿಯ ಮೇಲೆ ಗಮಕಿ ಓದಿದರೆ ಹೆಬ್ಬೆಟ್ಟಿನ ರೈತನೂ ಕೇಳಿ ತಲೆದೂಗುತ್ತಾನೆ. ಅದೇ ಷಟ್ಪದಿಯ ರೂಪಕಗಳ ಒಳಗೆ ಪಂಡಿತ ಇಡೀ ದಿನ ಅಲೆಯಬಹುದು. ರೈತನಿಗೆ ದಾರಿ ಇದೆ, ಪಂಡಿತನಿಗೆ ಗುಂಡಿಯೂ ಇದೆ. ಅದು ಸುಲಭ ಕಾವ್ಯವೆಂದು ಯಾರಾದರೂ ಹೇಳಲಿ ನೋಡೋಣ! ಇಷ್ಟು ದಿನ ಅದನ್ನು ಪಾಠ ಹೇಳಿಯೂ, ಕಷ್ಟ ಎನ್ನುವುದು ಬೇರೆ, ಬಾಗಿಲು ಹಾಕುವುದು ಬೇರೆ ಎಂದು ನನಗೆ ಹೊಳೆದಿರಲಿಲ್ಲ.

ಭಾವನಿಗೆ ಇಷ್ಟೆಲ್ಲ ತತ್ತ್ವ ಬೇಕಾಗಿಲ್ಲ. ಅಂದಿನ ಆಟದಲ್ಲಿ ನೀರಿನ ಹೊಂಡವಿದ್ದ ಒಂದು ಕುಳಿ ಬಂತು. ತರುಣ ನೇರವಾಗಿ ನೀರಿನ ಮೇಲೆ ಹೊಡೆದು ದಾಟಿಸಿದ. ಭಾವ ಎಡಕ್ಕೆ ಸುತ್ತಿ, ಒಂದೊಂದಾಗಿ ಲೆಕ್ಕ ಹಾಕಿ ಹೊಡೆದು, ಆರನೆಯ ಹೊಡೆತಕ್ಕೆ ಚೆಂಡನ್ನು ಕುಳಿಗೆ ಹಾಕಿದರು. ಅವರ ಮುಖ ನೋಡಬೇಕಿತ್ತು! ಮೊಮ್ಮಗಳು ಹುಟ್ಟಿದ ದಿನವೂ ಅಷ್ಟು ಅರಳಿರಲಿಲ್ಲ. "ಈ ಕುಳಿ ಚೆನ್ನಾಗಿದೆ ಮೇಷ್ಟ್ರೇ, ನನಗೂ ಒಂದು ದಾರಿ ಇಟ್ಟಿದ್ದಾರೆ" ಎಂದರು. ಅದೇ ಕುಳಿ ಚೆನ್ನಾಗಿದೆ ಎಂದು ತರುಣನೂ ಹೇಳಿದ. ಇಬ್ಬರಿಗೂ ಚೆನ್ನಾಗಿದೆ ಎಂಬುದನ್ನು ತೋರಿಸುವ ಅಂಕಿ ಆ ಚೀಟಿಯಲ್ಲಿರಲಿಲ್ಲ. ಸ್ಲೋಪ್ ಅಷ್ಟು ದೂರ ಹೋಗುವುದಿಲ್ಲ. ಕಷ್ಟ ಯಾರ ಮೇಲೆ ಎಷ್ಟು ಬೀಳುತ್ತದೆ ಎನ್ನುವಲ್ಲಿಗೆ ಅದು ನಿಲ್ಲುತ್ತದೆ. ಆದರೆ ನಮ್ಮ ಪರೀಕ್ಷೆಗಳಲ್ಲಿ ಅಷ್ಟೂ ಇಲ್ಲವಲ್ಲ ಎಂದುಕೊಂಡೆ.

ಕೊನೆಗೆ ನನಗೂ ಒಂದು ಕೋಲು ಕೊಟ್ಟರು. ಮೂರು ಸಲ ಬೀಸಿದೆ. ಚೆಂಡು ಕದಲಲಿಲ್ಲ, ಹುಲ್ಲು ಮಾತ್ರ ಹಾರಿತು. ಕ್ಯಾಡಿ ಬಂದು ನನ್ನ ಕೈಯನ್ನು ಸರಿಯಾಗಿ ಹಿಡಿಸಿ, "ನಿಧಾನ ಸಾರ್. ಇಲ್ಲಿ ಜಾಗ ಅಗಲ ಇದೆ, ಎಲ್ಲಿ ಹೋದರೂ ಸಿಗುತ್ತೆ" ಎಂದ. ಇಪ್ಪತ್ತು ವರ್ಷ ಪಾಠ ಹೇಳಿದ್ದೇನೆ. ಕಲಿಯುವವನಿಗೆ ಇಂಥ ಒಂದು ಮಾತನ್ನು ನಾನು ಹೇಳಿದ ನೆನಪಿಲ್ಲ. ನಾಲ್ಕನೆಯ ಸಲ ಚೆಂಡು ಸುಮಾರು ಐವತ್ತು ಗಜ ಹೋಯಿತು.

ಈ ವರ್ಷ ಮತ್ತೆ ಪ್ರಶ್ನೆಪತ್ರಿಕೆಯ ಕೆಲಸ ಬಂದಿದೆ. ಯಾವ ಪತ್ರಿಕೆ, ಎಲ್ಲಿಯದು ಎಂದು ಕೇಳಬೇಡಿ. ಪಠ್ಯದಲ್ಲಿಲ್ಲದ ಪದ್ಯವನ್ನು ನಾನು ಬಿಟ್ಟಿಲ್ಲ. ಅದು ಕೊನೆಗೆ ಹೋಗಿದೆ, ಬೇಕಾದವರು ಆರಿಸಿಕೊಳ್ಳಬಹುದು. ಮೊದಲನೆಯ ಪ್ರಶ್ನೆಯ ಜಾಗದಲ್ಲಿ, ತರಗತಿಯಲ್ಲಿ ಕಿವಿಗೊಟ್ಟು ಕುಳಿತವರು ಬರೆಯಬಲ್ಲಂಥದನ್ನು ಇಟ್ಟಿದ್ದೇನೆ. ಬರೆದು ಮುಗಿಸಿ ಓದಿ ನೋಡುವಾಗ ಇಬ್ಬರನ್ನು ಕಣ್ಣ ಮುಂದೆ ಕೂರಿಸಿಕೊಳ್ಳುತ್ತೇನೆ. ಒಬ್ಬ, 71 ತೆಗೆದ ಆ ಹುಡುಗ. ಅವನ ಬಗ್ಗೆ ನನಗೆ ಚಿಂತೆಯಿಲ್ಲ. ಇನ್ನೊಬ್ಬಳು ಎರಡನೆಯ ಬೆಂಚಿನಲ್ಲಿ ಕುಳಿತು ದುಂಡಗಿನ ಅಕ್ಷರದಲ್ಲಿ ಬರೆಯುತ್ತಾಳೆ. ಒಂದು ಗಂಟೆಯಾದ ಮೇಲೆ ಅವಳು ಎಷ್ಟನೆಯ ಪ್ರಶ್ನೆಯಲ್ಲಿದ್ದಾಳೆ ಎಂದು ಗಡಿಯಾರ ನೋಡಿಕೊಳ್ಳುತ್ತೇನೆ.

ಅವಳಿಗೆ ಬೇಕಾಗಿದ್ದದ್ದು ಆರು ಅಂಕ. ಆ ಎರಡು ಮೈದಾನಗಳ ನಡುವಿನ ಅಂತರವೂ ಆರೇ ಹೊಡೆತ. ಅದು ಕಾಕತಾಳೀಯವೆಂದು ನನಗೆ ಗೊತ್ತು. ಆದರೂ ಭಾವನ ಆ ರಟ್ಟಿನ ಚೀಟಿಯನ್ನು ಹಿಂದಕ್ಕೆ ಕೊಟ್ಟಿಲ್ಲ. ಮೇಜಿನ ಮೇಲೆ ಪ್ರಶ್ನೆಪತ್ರಿಕೆಯ ಕರಡಿನ ಪಕ್ಕದಲ್ಲೇ ಇಟ್ಟುಕೊಂಡಿದ್ದೇನೆ.